ಅರ್ಧ ನಿಮಿಷ ಮೊದಲೇ ಮುಗಿದ ರೀಲು

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಹಲಸೂರಿನ ರಿಹರ್ಸಲ್ ಹಾಲಿನ ಬೀರು ತೆರೆದಾಗ, ಪಿಟೀಲಿನವರ ಹಾಳೆಗಳ ಹಿಂದೆ ಅಲ್ಲಿರಬಾರದ ಒಂದು ಕಟ್ಟು ಸಿಕ್ಕಿತು. ಹಳದಿಗಟ್ಟಿದ ಇಪ್ಪತ್ತು ಹಾಳೆ. ಮೇಲೆ 'ಕೊನೆಯ ರೀಲು, ಮೂಲಪ್ರತಿ' ಎಂಬ ಬರಹ, ಕೆಳಗೆ ದಿವಂಗತ ಸಂಗೀತ ನಿರ್ದೇಶಕ ಸಾಯಬಣ್ಣ ಮಾಸ್ತರರ ಸಹಿ. ಬೀರುವಿನ ಬೀಗದ ಕೈ ಇದ್ದದ್ದು ವಾದ್ಯವೃಂದದ ಸುಗತನ ಹತ್ತಿರ. ಕಟ್ಟನ್ನು ಎಲ್ಲರೆದುರಿಗೆ ಹೊರಗೆಳೆದವಳು ಮಾಸ್ತರರ ಮಗಳು ತೇಜಶ್ರೀ.

ಹಿಂದಿನ ರಾತ್ರಿ ಅವಳ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಸಂದೇಶ ಬಂದಿತ್ತು: ನಿಮ್ಮ ತಂದೆಯ ಮೂಲಪ್ರತಿಯನ್ನು ಬೀರುವಿನಲ್ಲಿ ಅಡಗಿಸಿದ್ದಾರೆ. ಅದನ್ನು ನಂಬಿ ಕಲ್ಯಾಣ ನಗರದಿಂದ ಬೆಳಿಗ್ಗೆಯೇ ಬಂದಿದ್ದಳು, ನಂಬಿದ್ದು ಕಣ್ಣೆದುರಿಗೇ ಸಿಕ್ಕಿತು.

ಭಾನುವಾರ ಸಂಜೆ ಕಾರ್ಯಕ್ರಮವಿತ್ತು. ಮಾಸ್ತರರು ಐವತ್ತು ವರ್ಷದ ಹಿಂದೆ ಸಂಗೀತ ಕೊಟ್ಟಿದ್ದ ಸೈನಿಕನ ಕತೆಯ ಚಿತ್ರ ಪರದೆಯ ಮೇಲೆ ಓಡಬೇಕು, ಅದರೊಳಗಿನ ಸಂಗೀತವನ್ನು ಅಳಿಸಿ, ಮಾತನ್ನು ಮಾತ್ರ ಉಳಿಸಿ, ವೇದಿಕೆಯ ಮೇಲೆ ಅರವತ್ತು ಜನ ಅದೇ ಹೊತ್ತಿಗೆ ನುಡಿಸಬೇಕು. ಮಾಸ್ತರರು ಬರೆದಿದ್ದ ಹಾಳೆಗಳು ಎಲ್ಲೂ ಉಳಿದಿರಲಿಲ್ಲ. ಮೊದಲು ಕೀಬೋರ್ಡಿನ ಫಹೀಮ್ ಟಿವಿಗೆಂದು ಇಳಿಸಿದ್ದ ಒಂದು ಹಳೆಯ ಡಿಸ್ಕ್ ಕೇಳಿ, ನೋಟ್‌ಬುಕ್ಕಿನಲ್ಲಿ ಸ್ವರ ಬರೆದುಕೊಳ್ಳುತ್ತ ಆರು ತಿಂಗಳು ಒದ್ದಾಡಿದ. ಆಮೇಲೆ ರೀಲಿನಿಂದಲೇ ಇಳಿಸಿದ ಪ್ರತಿ ಸಿಕ್ಕಿತು, ತೇಜಶ್ರೀ ಆ ಕೆಲಸವನ್ನು ನಂದಿತಾಗೆ ಕೊಟ್ಟಳು. ನಂದಿತಾ ಎರಡು ವರ್ಷ ಕಿವಿಗೊಟ್ಟು ಒಂದೊಂದು ವಾದ್ಯಕ್ಕೂ ಹಾಳೆ ಬರೆದಳು. ಆ ಹಾಳೆಗಳನ್ನೂ, ಮಾಸ್ತರರ ಮನೆಯಿಂದ ಬಂದ ಟ್ರಂಕನ್ನೂ ಕಾಯುವ ಕೆಲಸ ಸುಗತನದು.

ತೇಜಶ್ರೀಯ ಲೆಕ್ಕ ನೇರವಾಗಿತ್ತು. ಟ್ರಂಕಿನಲ್ಲಿದ್ದ ಮೂಲಪ್ರತಿಯನ್ನು ಸುಗತ ಕದ್ದು ನಂದಿತಾಗೆ ಕೊಟ್ಟ, ಅವಳು ನಕಲು ಮಾಡಿ ತನ್ನ ಹೆಸರು ಹಾಕಿಕೊಂಡಳು. ಸಂಜೆ ಆರರೊಳಗೆ ಒಪ್ಪಿಕೊಳ್ಳದಿದ್ದರೆ ಕಾರ್ಯಕ್ರಮವೂ ಇಲ್ಲ, ಸುಗತನ ಮೇಲೆ ಪೊಲೀಸ್ ದೂರೂ ತಪ್ಪದು ಎಂದಳು. "ನಿಮ್ಮನ್ನ ನಂಬಿ ಅಪ್ಪನ ಟ್ರಂಕ್ ಕೊಟ್ಟಿದ್ದೆ ರೀ," ಎಂದು ಅವಳು ಅಂದದ್ದು ಸುಗತನ ಎದೆಗೆ ನಾಟಿತು. ಇಪ್ಪತ್ತೆರಡು ವರ್ಷದಲ್ಲಿ ಅವನ ಕೈಯಿಂದ ಒಂದು ಹಾಳೆಯೂ ಕಳೆದಿರಲಿಲ್ಲ.

ಅವನು ಆಟೋ ಹಿಡಿದು ಹೋದದ್ದು ಶಿವಾಜಿನಗರಕ್ಕೆ, ಮೆಹರುನ್ನೀಸಾ ಆಪಾ ಮನೆಗೆ. ಮೂವತ್ತು ವರ್ಷ ಕ್ಯಾಸೆಟ್ಟು, ಡಿಸ್ಕುಗಳ ಬಾಡಿಗೆ ಅಂಗಡಿ ನಡೆಸಿದ್ದ ಆಪಾಗೆ ಓಣಿಯ ಸುಳ್ಳುಗಳೆಲ್ಲ ಬಾಯಿಪಾಠ. ಕಾಣೆಯಾದ ಒಡವೆ, ಹೆಸರಿಲ್ಲದ ಪತ್ರ, ಇಂಥವನ್ನು ಹಿಂದೆಯೂ ಬಗೆಹರಿಸಿದ್ದರು, ಆಗೆಲ್ಲ ಸುಗತ ಜೊತೆಗಿದ್ದ. ಈ ಸಲ ಅವನೇ ಆರೋಪಿ. ನಾಚಿಕೆಯಿಂದ ಕಣ್ಣೊರೆಸಿಕೊಳ್ಳುತ್ತಲೇ ನಡೆದದ್ದನ್ನೆಲ್ಲ ಹೇಳಿದ.

"ಅಳೋದಾದ್ರೆ ಸಂಜೆ ಮೇಲೆ ಅಳು ಬೇಟಾ," ಎಂದು ಆಪಾ ಬುರ್ಖಾ ಏರಿಸಿಕೊಂಡರು. "ಇನ್ನೊಂದು ಬೀಗದ ಕೈ ಎಲ್ಲಿದೆ ಹೇಳು."

ಅದು ಆಫೀಸಿನ ಮೇಜಿನ ಡ್ರಾಯರಿನಲ್ಲಿತ್ತು. ಶುಕ್ರವಾರ ಕೊನೆಗೆ ಹೊರಟವರು ಮೂವರು: ನಂದಿತಾ, ಮೂರು ತಿಂಗಳ ಹಿಂದಷ್ಟೇ ಬಂದ, ವಾದ್ಯವೃಂದ ನಡೆಸುವ ಕಂಡಕ್ಟರ್ ರಿಜ್ವಾನ್, ಮತ್ತು ಫಹೀಮ್. ಸುಗತನ ಅನುಮಾನವೆಲ್ಲ ರಿಜ್ವಾನನ ಮೇಲೆ. ಬೆಳಿಗ್ಗೆ ಎಲ್ಲರೂ ಕಂಗಾಲಾಗಿದ್ದಾಗ ಅವನೊಬ್ಬನೇ, ಮೂಲಪ್ರತಿ ಸಿಕ್ಕಿದ್ದು ಒಳ್ಳೆಯದೇ, ಅದನ್ನೇ ನುಡಿಸೋಣ ಎಂದಿದ್ದ.

ತೇಜಶ್ರೀ ಕಟ್ಟನ್ನು ಕೈಚೀಲದಲ್ಲಿಟ್ಟುಕೊಂಡಿದ್ದಳು, ಯಾರಿಗೂ ಓದಲು ಕೊಟ್ಟಿರಲಿಲ್ಲ. ಆಪಾ ಕೇಳಿಕೊಂಡ ಮೇಲೆ ತನ್ನ ಕಾರಿನೊಳಗೆ ಹತ್ತು ನಿಮಿಷ ತೋರಿಸಿದಳು. ಸುಗತನಿಗೆ ಹಾಳೆ ಹೊಂದಿಸಲು ಬರುತ್ತಿತ್ತೇ ಹೊರತು ಸ್ವರ ಓದಲು ಬರುತ್ತಿರಲಿಲ್ಲ, ಆಪಾಗೆ ಎರಡೂ ಬರುತ್ತಿರಲಿಲ್ಲ. ಹಾಳೆ ಹಳೆಯದು, ನಿಜ. ಆದರೆ ಟ್ರಂಕಿನಲ್ಲಿ ಮಾಸ್ತರರ ಖಾಲಿ ಹಾಳೆಗಳೂ ಇದ್ದವು. ಸುಗತನ ಪಟ್ಟಿಯಲ್ಲಿ ಅವು ನಲವತ್ತು, ಎಣಿಸಿದರೆ ಈಗ ಇಪ್ಪತ್ತೇ ಇದ್ದವು. ಅದನ್ನು ಹೇಳಿದರೆ, ಪಟ್ಟಿ ಬರೆದವರೂ ನೀವೇ ಅಲ್ಲವೇ ಎಂದಳು ತೇಜಶ್ರೀ.

"ಅಂಚಲ್ಲಿ ಬರ್ದಿರೋದು ಏನು?" ಎಂದರು ಆಪಾ.

ಪರದೆಯ ದೃಶ್ಯಕ್ಕೆ ಸಂಗೀತ ಹೊಂದಲೆಂದು ಬರೆದ ಸಮಯಗಳು ಅವು. ಸೈನಿಕ ಬ್ಯೂಗಲ್ ಊದುವುದು ಇಷ್ಟು ನಿಮಿಷಕ್ಕೆ, ಬಾಗಿಲು ಮುಚ್ಚುವುದು ಇಷ್ಟಕ್ಕೆ ಎಂದು. ಕೊನೆಯದು ಸರಿಯಾಗಿ ಹನ್ನೆರಡು ನಿಮಿಷ. ನಂದಿತಾಳ ಹಾಳೆಯಲ್ಲಿ ಅದು ಹನ್ನೆರಡೂವರೆ ಎಂದು ಸುಗತನಿಗೆ ನೆನಪಿತ್ತು. ಆಪಾ ಬ್ಯೂಗಲಿನ ಸಾಲಿನ ಫೋಟೊ ತೆಗೆದುಕೊಂಡರು.

ಬ್ಯೂಗಲ್ ನುಡಿಸಬೇಕಾಗಿದ್ದ ಅಹ್ಮದ್ ಪಾಷಾಗೆ ಎಪ್ಪತ್ತೆಂಟು ವರ್ಷ. ಮೂಲ ಧ್ವನಿಮುದ್ರಣದಲ್ಲಿ ಊದಿದವರೂ ಅವರೇ. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಸಿಕ್ಕದೆ ಮೂರು ಗಂಟೆಗೆ ಬಂದರು. ಫೋಟೊ ನೋಡಿ ನಕ್ಕು ಫೋನು ವಾಪಸು ಕೊಟ್ಟರು. "ಇದು ನನ್ನ ಬಾಯಲ್ಲಿ ಆಗಲ್ಲಮ್ಮ."

ಹಲ್ಲು ಕಟ್ಟಿಸಿಕೊಂಡ ಮುದುಕರು, ಪಾಪ ಎಂದುಕೊಂಡ ಸುಗತ. ಗಂಟೆ ಐದಾಯಿತು, ಐದೂವರೆಯಾಯಿತು. ಆಪಾ ಮೂಲೆಯಲ್ಲಿ ಕೂತು ಪಾಷಾ ಜೊತೆ ದಖನಿಯಲ್ಲಿ ಹರಟುತ್ತಿದ್ದರು. ಸುಗತನಿಗೆ ಅವರ ಮೇಲೂ ಸಿಟ್ಟು ಬಂತು.

ಆರಕ್ಕೆ ಎಲ್ಲರೂ ಸೇರಿದರು. ಆಪಾ ಮಾಡಿದ ಕೋರಿಕೆ ಒಂದೇ. ಕೊನೆಯ ರೀಲನ್ನು ಹಳೆಯ ಸಂಗೀತದ ಸಮೇತ ಪರದೆಯ ಮೇಲೆ ಹಾಕಿ, ಈ ಮೂಲಪ್ರತಿಯ ಮೊದಲ ಪುಟವನ್ನು ಅದರ ಜೊತೆಗೆ ನುಡಿಸಬೇಕು. ತೇಜಶ್ರೀ ಒಲ್ಲದ ಮನಸ್ಸಿನಿಂದ ಪುಟ ಕೊಟ್ಟಳು. ರಿಜ್ವಾನ್ ಮುಂದೆ ಬಂದ. ಆಪಾ ಅವನನ್ನು ತಡೆದರು.

"ಫಹೀಮ್ ನುಡಿಸ್ಲಿ. ಕೈ ಚುರುಕು ಅವನ್ದು."

"ನಾನು ಇದನ್ನ ನೋಡೇ ಇಲ್ಲ ಆಪಾ. ತಪ್ಪಿದ್ರೆ ಬೈಬೇಡಿ," ಎಂದು ಫಹೀಮ್ ಕೀಬೋರ್ಡಿನ ಮುಂದೆ ಕೂತ. ಹಾಳೆ ಹರಡಿಕೊಂಡ, ಎಡಗೈಯಿಂದ ಒಂದು ಗುಂಡಿ ಒತ್ತಿದ, ಚಿತ್ರ ಶುರುವಾಗುತ್ತಲೇ ನುಡಿಸಿದ. ಪರದೆಯ ಸಂಗೀತದೊಡನೆ ಅದು ಒಂದೇ ಶ್ರುತಿಯಲ್ಲಿ ಬೆರೆಯಿತು. ತೇಜಶ್ರೀಯ ಕಣ್ಣು ತುಂಬಿತು. ಸುಗತನಿಗೆ ತನ್ನ ಕತೆ ಮುಗಿಯಿತು ಅನ್ನಿಸಿತು.

"ಸಾಕು," ಎಂದರು ಆಪಾ. "ನಂದಿತಾ, ಆ ಗುಂಡಿ ಏನಮ್ಮ?"

ನಂದಿತಾ ಬಗ್ಗಿ ನೋಡಿದಳು. ಅದು ಟ್ರಾನ್ಸ್‌ಪೋಸ್ ಗುಂಡಿ, ಒತ್ತಿದರೆ ಇಡೀ ಕೀಬೋರ್ಡಿನ ಶ್ರುತಿ ಬದಲಾಗುತ್ತದೆ ಎಂದು ವಿವರಿಸಿದಳು. ಈಗ ಅರ್ಧ ಶ್ರುತಿ ಕೆಳಗಿತ್ತು.

"ಹಾಳೇನೇ ನೋಡಿಲ್ಲ ಅಂದೆ. ಇನ್ನೂ ಒಂದು ಸ್ವರಾನೂ ನುಡಿಸಿರ್ಲಿಲ್ಲ," ಎಂದರು ಆಪಾ ಫಹೀಮನಿಗೆ. "ಇದು ಚಿತ್ರಕ್ಕಿಂತ ಅರ್ಧ ಶ್ರುತಿ ಮೇಲಿದೆ ಅಂತ ನಿನ್ನ ಕೈಗೆ ಯಾರು ಹೇಳಿದ್ರು?"

ಫಹೀಮ್ ಕೈಯನ್ನು ಮಡಿಲಿಗೆ ಎಳೆದುಕೊಂಡ. ಆಪಾ ತೇಜಶ್ರೀಯ ಕಡೆ ತಿರುಗಿ ಬಿಡಿಸಿ ಹೇಳಿದರು. ರೀಲಿನಲ್ಲಿ ಸೆಕೆಂಡಿಗೆ ಇಪ್ಪತ್ನಾಲ್ಕು ಬಿಡಿಚಿತ್ರ ಓಡುತ್ತವೆ. ಆ ಕಾಲದಲ್ಲಿ ನಮ್ಮ ಟಿವಿಗೆಂದು ಇಳಿಸುವಾಗ ಇಪ್ಪತ್ತೈದು ಓಡಿಸುತ್ತಿದ್ದರು. ಅಂಗಡಿಯಲ್ಲಿ ಗಿರಾಕಿಗಳು, ಪೆಟ್ಟಿಗೆಯ ಮೇಲೆ ಬರೆದದ್ದಕ್ಕಿಂತ ಸಿನಿಮಾ ಬೇಗ ಮುಗಿಯಿತು, ಎಲ್ಲೋ ಕತ್ತರಿಸಿದ್ದೀರಿ ಎಂದು ಆಪಾ ಜೊತೆ ಜಗಳವಾಡುತ್ತಿದ್ದುದು ಇದಕ್ಕೇ. ಹನ್ನೆರಡೂವರೆ ನಿಮಿಷದ ರೀಲು ಅಲ್ಲಿ ಹನ್ನೆರಡಕ್ಕೇ ಮುಗಿಯುತ್ತದೆ, ಸ್ವರವೂ ಸುಮಾರು ಅರ್ಧ ಶ್ರುತಿ ಏರುತ್ತದೆ. ಮಾಸ್ತರರು ಸಂಗೀತ ಬರೆದದ್ದು ರೀಲಿಗೆ. ಡಿಸ್ಕ್ ಕೇಳಿ ಬರೆದವನು ಮಾತ್ರ ಹನ್ನೆರಡು ಎಂದು ಬರೆಯಬಲ್ಲ. ರಿಜ್ವಾನ್ ಬಂದಾಗ ರೀಲಿನ ಪ್ರತಿ ಆಗಲೇ ಇತ್ತು, ಡಿಸ್ಕ್ ಕೇಳುವ ಅಗತ್ಯವೇ ಅವನಿಗಿರಲಿಲ್ಲ.

"ಅಪ್ಪ ಬರ್ದ ಮೇಲೆ ದೃಶ್ಯ ಉದ್ದ ಆಗಿರ್ಬಹುದಲ್ಲ?" ಎಂದಳು ತೇಜಶ್ರೀ. ಅವಳ ದನಿಯಲ್ಲಿ ಮೊದಲಿನ ಗಟ್ಟಿತನವಿರಲಿಲ್ಲ.

ಅದಕ್ಕೆ ಅಹ್ಮದ್ ಪಾಷಾ ಎದ್ದು ನಿಂತು ಬ್ಯೂಗಲ್ ತೋರಿಸಿದರು. "ಇದಕ್ಕೆ ಒತ್ತೋ ಗುಂಡಿ ಒಂದೂ ಇಲ್ಲ ಮಗಳೇ. ಇದರ ಹೊಟ್ಟೇಲಿರೋದು ನಾಲ್ಕೈದು ಸ್ವರ ಅಷ್ಟೆ. ಆ ಕಾಗದದಲ್ಲಿರೋದನ್ನ ನಾನಲ್ಲ, ಯಾವ ಬ್ಯಾಂಡಿನವನೂ ಇದರಲ್ಲಿ ಊದೋಕಾಗಲ್ಲ. ನಿಮ್ಮಪ್ಪ ನನ್ನ ಪಕ್ಕದಲ್ಲೇ ಕೂತು, ಇದರ ಸ್ವರ ಕೇಳಿ ಬರ್ದಿದ್ರು." ಊದಿಯೂ ತೋರಿಸಿದರು. ನಂದಿತಾಳ ಹಾಳೆಯಲ್ಲಿದ್ದದ್ದು ಅದೇ.

ಫಹೀಮ್ ಆಗ ಒಪ್ಪಿಕೊಂಡ. ಡಿಸ್ಕೇ ಸರಿ, ರೀಲಿನ ಪ್ರತಿಯೇ ಕೆಳಗೆ ಜಾರಿದೆ ಎಂದು ಅವನು ಇವತ್ತಿನವರೆಗೂ ನಂಬಿದ್ದ. ಮನೆಯಲ್ಲಿ ತನ್ನ ಹಳೆಯ ನೋಟ್‌ಬುಕ್ಕನ್ನು ರೀಲಿನ ಪ್ರತಿಯ ಜೊತೆ ನುಡಿಸಿ ನೋಡುವಾಗಲೆಲ್ಲ ಆ ಗುಂಡಿ ಒತ್ತುತ್ತಿದ್ದನಂತೆ. ಕೈಗೆ ರೂಢಿಯಾಗಿತ್ತು. ಖಾಲಿ ಹಾಳೆ ಕದ್ದದ್ದು, ಮಾಸ್ತರರ ಅಕ್ಷರ ಅನುಕರಿಸಿದ್ದು, ಸಂದೇಶ ಕಳಿಸಿದ್ದು ಎಲ್ಲ ಅವನೇ. ಸುಗತನ ಮೇಲೆ ಹಗೆಯೇನೂ ಇರಲಿಲ್ಲ, ಬೀರು ಅವನದಾಗಿತ್ತು ಅಷ್ಟೇ ಎಂದ. ಆ ಮಾತು ಸುಗತನನ್ನು ಬೆಳಗಿನ ಆರೋಪಕ್ಕಿಂತ ಹೆಚ್ಚು ಸುಟ್ಟಿತು.

"ಕಾರ್ಯಕ್ರಮದ ಹಾಳೇಲಿ ನಂದಿತಾ ಹೆಸರಿದೆ, ನನ್ನ ಆರು ತಿಂಗಳು ಎಲ್ಲೂ ಇಲ್ಲ," ಎಂದ ಫಹೀಮ್.

ನಂದಿತಾ ತಲೆ ತಗ್ಗಿಸಿ, ಯಾವ ದೃಶ್ಯಕ್ಕೆ ಯಾವ ವಾದ್ಯ ಎಂಬ ಪಟ್ಟಿಯನ್ನು ತಾನು ಅವನ ನೋಟ್‌ಬುಕ್ಕಿನಿಂದಲೇ ತೆಗೆದುಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ ಎಂದಳು.

ತೇಜಶ್ರೀ ಸುಗತನ ಮುಂದೆ ಬಂದು ಕೈಮುಗಿದಳು. ಕಾರ್ಯಕ್ರಮ ನಡೆಯಲಿ ಎಂದಳು. ಇವನನ್ನು ಏನು ಮಾಡಬೇಕು, ನೀವೇ ಹೇಳಿ ಎಂದಳು. ಸುಗತ ಬೆಳಿಗ್ಗೆಯಿಂದ ಈ ಗಳಿಗೆಗೇ ಕಾದಿದ್ದ. ಎಂಥೆಂಥ ಬೈಗುಳ ಕೂಡಿಸಿಟ್ಟುಕೊಂಡಿದ್ದನೋ, ಒಂದೂ ನಾಲಗೆಗೆ ಬರಲಿಲ್ಲ.

"ನಾಳೆ ಇವನು ಬೇಡ. ಕೀಬೋರ್ಡಿಗೆ ಬೇರೆಯವರನ್ನ ಕರ್ಸಿ," ಎಂದ. ಆಮೇಲೆ ನಂದಿತಾಳನ್ನು ನೋಡಿದ. "ಆ ಪಟ್ಟಿ ಅವನ್ದು ಅಂತ ಕಾರ್ಯಕ್ರಮದ ಹಾಳೇಲಿ ಅಚ್ಚು ಹಾಕ್ಸಿ. ನನ್ನ ಹೆಸರು ಕೆಡಿಸ್ದ ಅಂತ ಅವನ ಹೆಸರನ್ನ ನಾವು ನುಂಗೋದು ಬೇಡ."

ಸಿಕ್ಕಿಬಿದ್ದಾಗ ಅಳದಿದ್ದ ಫಹೀಮ್ ಆಗ ಅತ್ತ.