ಮಧುಮತಿ ಹೇಳಿದ ಸುಳ್ಳು

"ಇದರಾಗ ಬೆಣ್ಣಿ ವಾಸನಿ ಬರ್ತೈತ್ರಿ."

ಮಧುಮತಿ ಗ್ಲಾಸನ್ನು ಮೇಜಿನ ಮೇಲಿಟ್ಟಳು. ರುಚಿ ನೋಡಲು ಕೂತಿದ್ದವರೆಲ್ಲ ತಲೆಯೆತ್ತಿದರು. ಬೇಗೂರಿನ ಆಚೆಗಿದ್ದ ಆ ಸಣ್ಣ ಬಿಯರ್ ಕಾರ್ಖಾನೆಯ ಲ್ಯಾಬಿಗೆ ಅವಳು ಸೇರಿ ವಾರವೂ ಆಗಿರಲಿಲ್ಲ. ಎದುರಿಗೆ ಕೂತಿದ್ದವನು ಆ ಬಿಯರನ್ನು ತಯಾರಿಸಿದ ಲಿಖಿತ್.

ಎಲ್ಲರೂ ಚೆನ್ನಾಗಿದೆ ಎಂದಿದ್ದರು. ಅವಳೊಬ್ಬಳೇ...

'ಮೊದಲ ವಾರವೇ ಕೆಲಸ ಹೋಯಿತು' ಎಂದುಕೊಂಡಳು.

ಲಿಖಿತ್ ಅವಳನ್ನೇ ನೋಡಿದ. ಅವನ ಕಣ್ಣಲ್ಲಿ ಕೋಪವಿರಲಿಲ್ಲ. ಅಲ್ಲಿದ್ದದ್ದು ಏನೆಂದು ಅವಳಿಗೆ ಆಗ ತಿಳಿಯಲಿಲ್ಲ.

"ಸರಿ. ಇನ್ನೂ ಸ್ವಲ್ಪ ದಿನ ಟ್ಯಾಂಕಲ್ಲೇ ಇರ್ಲಿ," ಎಂದ. ಆಮೇಲೆ ಮೆಲ್ಲಗೆ, "ನಾಳೆಯಿಂದ ಬೆಳಿಗ್ಗೆ ನನ್ ಜೊತೆ ಟೇಸ್ಟ್ ಮಾಡ್ತೀರಾ?" ಎಂದು ಕೇಳಿದ.

ಅದು ಎರಡು ಸಾವಿರದ ಒಂಬತ್ತನೇ ಇಸವಿ. ಬಾಗಲಕೋಟೆ ಕಡೆಯ ಮಧುಮತಿ ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಳು. ಊರಲ್ಲಿರುವ ಅವ್ವನಿಗೆ ಜ್ಯೂಸ್ ಫ್ಯಾಕ್ಟರಿ ಎಂದೇ ಹೇಳಿದ್ದಳು. ಲಿಖಿತ್ ಬೇಗೂರಿನವನೇ. ಅಪ್ಪ ಇದ್ದ ಹೊಲ ಮಾರಿ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಮಗನಿಗೆ ಮಾತ್ರ ಬಿಯರಿನದೇ ಹುಚ್ಚು. ಹಾಪ್ಸ್ ಎಂಬ ಕಹಿ ಹೂವನ್ನು ಧಾರಾಳವಾಗಿ ಹಾಕಿ, ಸೋಸದೆ ಮಬ್ಬಾಗಿಯೇ ಬಿಟ್ಟ ಐಪಿಎ ಎಂಬ ಬಿಯರ್ ಮಾಡಬೇಕು, ಊರಿಗೇ ಹೊಸದನ್ನು ಕುಡಿಸಬೇಕು ಎಂಬುದು ಅವನ ಕನಸು.

ದಿನಾ ಬೆಳಿಗ್ಗೆ ಅವಳು ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದಳು. ಹಿಂದಿನ ಬೆರಳೂ ಕಾಣದಷ್ಟು ಮಬ್ಬು, ಮಾವಿನ ರಸದಂಥ ಬಣ್ಣ.

"ಏನ್ ವಾಸನೆ, ಹೇಳಿ."

"ಕಿತ್ತಳಿ ಸಿಪ್ಪಿ... ಹಣ್ಣಾದ ಮಾವು. ಅದರ ಹಿಂದ ಹಸೀ ಹುಲ್ಲು."

"ಕುಡಿದ್ರೆ?"

"ಮೊದಲು ಮೆತ್ತಗ ಇರ್ತೈತಿ. ಕಡೀಕ ಕಹಿ. ಚಕೋತದ ಬಿಳೀ ಸಿಪ್ಪಿ ಕಚ್ಚಿದಂಗ."

ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಯಾರೂ ಅವಳ ಮಾತನ್ನು ಅಷ್ಟು ಆಸೆಯಿಂದ ಕೇಳಿದ್ದಿಲ್ಲ. ಬಸ್ಸಿನಲ್ಲಿ ಹೋಗುವಾಗಲೂ ಅವಳು ಸುಮ್ಮಸುಮ್ಮನೆ ವಾಸನೆಗಳನ್ನು ಕೂಡಿಡತೊಡಗಿದಳು... ನಾಳೆ ಅವನಿಗೆ ಹೇಳಲು.

ಒಂದು ದಿನ ಮಾಲೀಕರಾದ ನೀಲಕಂಠಪ್ಪನವರ ಕೋಣೆಯ ಮುಂದೆ ಹಾಯುವಾಗ ಲಿಖಿತನ ದನಿ ಕೇಳಿತು.

"ಮೊದ್ಲು ಮೆತ್ತಗಿರುತ್ತೆ ಸಾರ್. ಕೊನೇಲಿ ಕಹಿ, ಚಕೋತದ ಬಿಳಿ ಸಿಪ್ಪೆ ಕಚ್ಚಿದಂಗೆ."

"ಏನ್ ಮೂಗು ಕಣಯ್ಯ ನಿಂದು," ಎಂದರು ನೀಲಕಂಠಪ್ಪ.

ಅವನು ಅವಳ ಹೆಸರೆತ್ತಲಿಲ್ಲ.

ಮಧುಮತಿ ಬಾಗಿಲಿನಿಂದ ಹಿಂದೆ ಸರಿದಳು. 'ಇಷ್ಟಕ್ಕ ನನ್ನ ಕರೆದಿದ್ದ. ನಾನೊಬ್ಬಾಕಿ ಹುಚ್ಚಿ...'

ಹೋಟೆಲಿನವರು ಮಬ್ಬು ಬಿಯರಿನ ರುಚಿ ನೋಡಲು ಬರುವ ದಿನ, ಲಿಖಿತ್ ಎಂದಿನಂತೆ ಗ್ಲಾಸನ್ನು ಅವಳ ಮುಂದಿಟ್ಟ. ಮೂಗಿಗೆ ಹಿಡಿದ ಕೂಡಲೇ ಗೊತ್ತಾಯಿತು. ಕರಗಿದ ಬೆಣ್ಣೆಯ ದಟ್ಟ ವಾಸನೆ. ಬಿಯರ್ ಇನ್ನೂ ಹದಕ್ಕೆ ಬಂದಿರಲಿಲ್ಲ.

"ಹೇಗಿದೆ?"

"ಛಲೋ ಐತ್ರಿ. ಮಾವಿನ ಹಣ್ಣಿನ ವಾಸನಿ."

'ಈಗ ಸ್ವಂತ ಮೂಗಿನಿಂದ ಹೇಳಲಿ' ಎಂದುಕೊಂಡಳು.

ಅವನು ಬಂದವರ ಮುಂದೆ ನಿಂತು ಮಾವಿನ ಹಣ್ಣಿನ ವಾಸನೆಯ ಬಗ್ಗೆ ಹೇಳಿದ. ಅವರಲ್ಲೊಬ್ಬ ಗ್ಲಾಸ್ ಮೂಸಿ ನಕ್ಕ. "ಮಾವು ಎಲ್ಲಿ ಗುರು? ಬೆಣ್ಣೆ ದೋಸೆ ಅಂಗಡಿ ಇದ್ದಂಗಿದೆ."

ಎಲ್ಲರೂ ನಕ್ಕರು. ನೀಲಕಂಠಪ್ಪನವರ ಮುಖ ಕಪ್ಪಿಟ್ಟಿತು. ಲಿಖಿತ್ ತನ್ನ ಗ್ಲಾಸನ್ನು ಮತ್ತೆ ಮತ್ತೆ ಮೂಸಿದ. ಆಮೇಲೆ ಅವಳತ್ತ ತಿರುಗಿ ಒಂದು ಸಲ ನೋಡಿದ, ಅಷ್ಟೇ.

ಸಂಜೆ ಟ್ಯಾಂಕಿನ ಬಿಯರನ್ನೆಲ್ಲ ಮೋರಿಗೆ ಬಿಟ್ಟರು. ಮರುದಿನದಿಂದ ಅವನು ಬರಲಿಲ್ಲ.

ಕೆಲವು ದಿನಗಳ ಮೇಲೆ ಅವನ ತಂಗಿ ರಮ್ಯ ಅವನ ಸಾಮಾನು ಒಯ್ಯಲು ಬಂದಳು.

"ನೀವು ಮಧುಮತಿ ಅಲ್ವಾ? ಅಣ್ಣ ಯಾವಾಗ್ಲೂ ಹೇಳ್ತಿದ್ದ. ನೀವು ಹೇಳ್ತಿದ್ರೆ ಅವನಿಗೂ ವಾಸನೆ ಬಂದಂಗೆ ಆಗುತ್ತಂತೆ."

"ಅಂದ್ರ?"

"ನಿಮಗೆ ಗೊತ್ತಿಲ್ವಾ? ಹೋದ್ ವರ್ಷ ಗೊಟ್ಟಿಗೆರೆ ಹತ್ರ ಅಣ್ಣನ ಬೈಕಿಗೆ ಲಾರಿ ಗುದ್ದಿ... ಹಿಂದೆ ಕೂತಿದ್ದ ಅಮ್ಮ ಅಲ್ಲೇ ಹೋಗ್ಬಿಟ್ರು. ಇವನ ತಲೆಗೆ ಏಟು ಬಿತ್ತು. ಅವತ್ತಿಂದ ವಾಸನೆನೇ ಗೊತ್ತಾಗಲ್ಲ. ಇಲ್ಲಿ ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಮುಚ್ಚಿಟ್ಟಿದ್ದ."

ಮಧುಮತಿ ಅವನ ಸಾಮಾನಿನ ಚೀಲವನ್ನು ತಾನೇ ಎತ್ತಿಕೊಂಡಳು.

"ನಾನೂ ನಿಮ್ಮ ಜೋಡಿ ಬರ್ಲೇನ್ರಿ?"

ಲಿಖಿತ್ ಮನೆಯ ಜಗುಲಿಯಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ರಮ್ಯ ಒಳಗೆ ಹೋದಳು.

"ನಾನು ಬೇಕಂತ ಸುಳ್ಳು ಹೇಳಿದೆ," ಎಂದಳು ಮಧುಮತಿ. "ನನ್ನ ಮಾತು ಕದ್ದೀರಿ ಅಂತ ಸಿಟ್ಟಿತ್ತು."

"ಕದ್ದಿದ್ದು ನಿಜ. ನಿಮಗೊಬ್ಬರಿಗಾದ್ರೂ ಹೇಳ್ಬೇಕಿತ್ತು." ಅವನು ತಲೆ ತಗ್ಗಿಸಿದ. "ಎಷ್ಟೋ ಸಲ ಬಾಯಿವರೆಗೂ ಬರ್ತಿತ್ತು. ಹೇಳಿಬಿಟ್ರೆ ನೀವು ಅಯ್ಯೋ ಪಾಪ ಅಂತೀರಿ. ಅದು ಬೇಡ ಅನ್ನಿಸ್ತು... ನಿಮ್ಮಿಂದ ಮಾತ್ರ ಅದು ಬೇಡ ಅನ್ನಿಸ್ತು."

ಅವಳು ಅಳತೊಡಗಿದಳು. ಅವನು ಒಳಗೆ ಹೋಗಿ ಒಂದು ಹಸಿರು ಸೀರೆ ತಂದ.

"ಅಮ್ಮಂದು. ಒಗೆದಿಲ್ಲ. ರಮ್ಯನ ಕೇಳಿದ್ರೆ ಅಳ್ತಾಳೆ, ಏನೂ ಹೇಳಲ್ಲ. ನೀವು ಹೇಳ್ತೀರಾ?"

ಅವಳು ಸೀರೆಯನ್ನು ಮುಖಕ್ಕೆ ಹಿಡಿದಳು. ನುಸಿಗುಳಿಗೆಯ ವಾಸನೆ, ಬೇರೇನೂ ಇಲ್ಲ. ಮಲ್ಲಿಗೆ ಎಂದರೂ ಅವನು ನಂಬುತ್ತಿದ್ದ. ಅಷ್ಟು ಆಸೆಯಿಂದ ಅವನು ಕಾಯುತ್ತಿದ್ದ.

"ನುಸಿಗುಳಿಗಿ ವಾಸನಿ. ಅಷ್ಟ ರೀ."

ಅವನು ಕಣ್ಣು ಮುಚ್ಚಿಕೊಂಡ.

ಅವಳು ಸೀರೆಯ ಮಡಿಕೆ ಬಿಡಿಸುತ್ತ ಹೋದಳು. ಕೈ ಒರೆಸಿ ಒರೆಸಿ ಸವೆದಿದ್ದ ಸೆರಗಿನ ತುದಿಯನ್ನು ಮೂಗಿಗೊತ್ತಿ ಉಸಿರೆಳೆದಳು.

"ತಡೀರಿ... ಇಂಗು. ಭಾಳ ಸಣ್ಣಗ ಐತಿ. ಆದ್ರ ಐತಿ."

ಲಿಖಿತ್ ಬಿಕ್ಕಿದ. "ಸಾರಿಗೆ ಇಂಗು ಜಾಸ್ತಿ ಹಾಕೋರು. ದಿನಾ ಬೈತಿದ್ದೆ."

ಅವಳು ಪಕ್ಕದಲ್ಲಿ ಕೂತು ಅವನ ಕೈ ಹಿಡಿದಳು.

"ಇದೂ ಹೋಗ್ಬಿಡುತ್ತೆ ಅಲ್ವಾ, ಮಧು?"

"ಹೋಗ್ತೈತಿ."

"ಆಮೇಲೆ?"

"ಆಮ್ಯಾಲ ನಾ ಇರ್ತೀನಿ. ಇಂಗು ಹಾಕಿ ಸಾರು ಮಾಡ್ತೀನಿ."

"ಜಾಸ್ತಿ ಆದ್ರೆ ನಂಗೆ ಗೊತ್ತಾಗಲ್ವಲ್ಲ."

"ನಾ ಹೇಳ್ತೀನಿ," ಎಂದಳು ಮಧುಮತಿ. "ಖರೇನ ಹೇಳ್ತೀನಿ."