ಗಿರಣಿ ಅಂಗಳದ ಇಂಗುಗುಂಡಿ

ಫಕ್ಕೀರಪ್ಪನ ಹೆಣ ಸಿಕ್ಕಿದ್ದು ಗೋಡೆಯ ಕೆಳಗೆ.

ರಾತ್ರಿಯ ಮಳೆಗೆ ಕರ್ಜಗಿಯ ಹಳೆ ಹತ್ತಿ ಗಿರಣಿಯ ಕಂಪೌಂಡು ಓಣಿಯ ಕಡೆಗೆ ಮಗುಚಿ ಬಿದ್ದಿತ್ತು. ಗಿರಣಿಯ ಕಾವಲುಗಾರ ಅದರಡಿ ಸಿಕ್ಕಿ ಸತ್ತಿದ್ದ. ಓಣಿಯ ಮನೆಗಳೊಳಗೆಲ್ಲ ಕೆಸರು. ಹಾಸಿಗೆ, ಜೋಳದ ಚೀಲ, ಮಕ್ಕಳ ಪುಸ್ತಕ, ಎಲ್ಲಕ್ಕೂ ಒಂದೇ ಬಣ್ಣ.

ಹಾವೇರಿಯಿಂದ ಪಿಎಸ್‌ಐ ಭುವನಾ ಬಂದು ಜೀಪು ಇಳಿಯುವ ಹೊತ್ತಿಗೆ ಅಪರಾಧಿಯನ್ನು ಹುಡುಕಿ ಇಟ್ಟಾಗಿತ್ತು. ಊರಿನ ದೊಡ್ಡವರು ಒಮ್ಮೊಮ್ಮೆ ಪೊಲೀಸರಿಗೆ ಇಷ್ಟೊಂದು ಉಪಕಾರ ಮಾಡುತ್ತಾರೆ.

"ಇಕಿನ ನೋಡ್ರಿ ಮೇಡಂ, ಸಕೀನಾಬಿ," ಎಂದ ವೀರೇಂದ್ರ. ಹಾವೇರಿಯಲ್ಲಿ ಬೆಳ್ಳಿ ಬಂಗಾರದ ಅಂಗಡಿ ಇಟ್ಟವನು. ವರದಾ ನದಿ ದಂಡೆಯ ಈ ಗಿರಣಿಯನ್ನು ಕೊಂಡು ಮದುವೆಗಳಿಗೆ ಮಂಗಲ ಕಾರ್ಯಾಲಯ ಮಾಡಿಸಿದವನೂ ಅವನೇ. "ಈ ಗ್ವಾಡಿ ಕೆಡವತೇನಿ ಅಂತ ನಿನ್ನಿ ಎಲ್ಲಾರ ಮುಂದ ಅಂದಾಳ. ಅಕಿ ಕಬ್ಬಣದ ಹಾರಿ ಅಲ್ಲೇ ಬಿದ್ದೈತಿ ನೋಡ್ರಿ."

ಸಕೀನಾಬಿ ತಲೆ ತಗ್ಗಿಸಲಿಲ್ಲ. ವಯಸ್ಸಾದ ಹೆಂಗಸು. ಮೊಣಕಾಲವರೆಗೆ ಕೆಸರು, ಇಟ್ಟಿಗೆ ಎಳೆದೆಳೆದು ಬೆರಳ ತುದಿಯಲ್ಲಿ ರಕ್ತ.

"ಅಂದೇನ್ರಿ. ಇನ್ನೂ ಅಂತೇನಿ. ಮಳಿ ಆದ್ರ ಇದರ ಬುಡದ ಸಂದ್ಯಾಗಿಂದ ನಮ್ಮ ಮನ್ಯಾಗ ನೀರು ಬರತಾವ, ಅದಕ್ಕ ಅಂದೆ. ಹಾರಿ ನಂದ. ಫಕ್ಕೀರಪ್ಪನ್ನ ಹೊರಗ ತಗ್ಯಾಕ ತಂದಿದ್ದೆ. ಗ್ವಾಡಿ ಅದಕ್ಕಿಂತ ಮೊದಲ ಬಿದ್ದಿತ್ತು."

"ಅಂವ ಓಣ್ಯಾಗ ಯಾಕ ಬಂದಿದ್ದ?" ಭುವನಾ ಕೇಳಿದಳು.

"ನಮ್ಮನ್ನ ಎಬ್ಬಸಾಕ. ಒಳಗ ನೀರು ನಿಂತಾವ, ಗ್ವಾಡಿ ಅಳ್ಳಾಡಾಕತ್ತೈತಿ, ಹೊರಗ ಬರ್ರಿ ಅಂತ ಒಂದೊಂದ ಬಾಗಲಾ ಬಡದ. ನಾವೆಲ್ಲಾ ಬಂದ್ವಿ. ಅಂವ ಕಡೀ ಮನಿಗೆ ಹೋದ." ಅವಳು ವೀರೇಂದ್ರನ ಕಡೆ ತಿರುಗಿದಳು. "ಅಂವ ನನ್ನಿಂದ ಸತ್ತಾನ ಅಂತ ಯಾರರ ಅಂದ್ರ ನಾಲಿಗಿ ಕೀಳ್ತೇನಿ."

ಭುವನಾಗೆ ಫೋನು ಬಂತು. ಮೇಲಿನ ಸಾಹೇಬರು. ಸಂಜೆಯೊಳಗೆ ಆ ಹೆಂಗಸಿನ ಮೇಲೆ ಕೇಸು ಹಾಕಿ ಮುಗಿಸಬೇಕಂತೆ. ಓಣಿಯವರನ್ನೂ ಅಲ್ಲಿಂದ ಎಬ್ಬಿಸುವುದು ಒಳ್ಳೆಯದಂತೆ. ಸಕೀನಾಬಿ ಜೈಲಿಗೆ ಹೋದರೆ ಓಣಿಗೆ ದನಿಯೇ ಇರುವುದಿಲ್ಲ ಎಂಬುದು ಭುವನಾಗೆ ಆಗಲೇ ಹೊಳೆಯಿತು.

"ಮೊದಲ ನೋಡ್ತೇನ್ರಿ ಸರ್," ಎಂದು ಫೋನಿಟ್ಟಳು. ಹೂಂ ಅನ್ನಲಿಲ್ಲ.

* * *

ಗಿರಣಿಯ ಅಂಗಳದಲ್ಲಿ ಈಗ ಒಂದು ಹಿಡಿ ಮಣ್ಣೂ ಕಾಣುವುದಿಲ್ಲ. ಗೇಟಿನಿಂದ ಹಿಂದಿನ ಗೋಡೆಯವರೆಗೆ ಸಿಮೆಂಟಿನ ಹಾಸು.

"ಮೊದಲ ಇಲ್ಲಿ ಮಣ್ಣಿನ ಅಂಗಳ ಇತ್ರಿ," ಎಂದ ಹೆಡ್ ಕಾನ್ಸ್‌ಟೇಬಲ್ ಸಿದ್ದಲಿಂಗಪ್ಪ. ಅವನದು ಪಕ್ಕದ ಊರು. "ನಡುವ ತಗ್ಗ. ಎಂಥಾ ಮಳಿ ಆದ್ರೂ ಅಲ್ಲೇ ನಿಂತು ಇಂಗತಿತ್ತು."

ತಗ್ಗು ಮುಚ್ಚಿದರೆ ನೀರು ಎಲ್ಲಿಗೆ ಹೋಗಬೇಕು? ಅದಕ್ಕೇ ಕಟ್ಟಡಕ್ಕೆ ಪರವಾನಗಿ ಕೊಡುವಾಗ ಒಂದು ಷರತ್ತು ಹಾಕಿದ್ದರು. ಚಾವಣಿಯ ನೀರು, ಅಂಗಳದ ನೀರು ಎರಡೂ ದೊಡ್ಡದೊಂದು ಇಂಗುಗುಂಡಿಗೆ ಬೀಳಬೇಕು. ಗುಂಡಿ ತುಂಬಿದರೆ ಪೈಪಿನಲ್ಲಿ ನದಿಗೆ ಹೋಗಬೇಕು. ಓಣಿಗೆ ಒಂದು ಹನಿಯೂ ಇಳಿಯಕೂಡದು.

ಬೀಳದೆ ಉಳಿದ ಗೋಡೆಯ ತುಂಡಿನ ಮೇಲೆ ಒಳಮಗ್ಗುಲಿಗೆ ಕೆಸರಿನ ಗೆರೆ ಇತ್ತು. ಭುವನಾ ಅದರ ಪಕ್ಕ ನಿಂತಳು. ಗೆರೆ ಸೊಂಟಕ್ಕೆ ಬಂತು.

"ಸಿದ್ದಲಿಂಗಪ್ಪ, ಬುಡಕ್ಕ ಹಾರಿಲೆ ತೂತು ಹೊಡದಿದ್ರ ನೀರು ಏನಾಗತಿತ್ತು?"

"ಹರದು ಹೋಗತಿತ್ರಿ."

"ಹಂಗಾದ್ರ ಸ್ವಂಟದ ಮಟ ಹೆಂಗ ನಿಂತಿತು?"

ಸಿದ್ದಲಿಂಗಪ್ಪ ಗೆರೆಯನ್ನೂ ಮೇಡಂ ಮುಖವನ್ನೂ ನೋಡಿದ. ಹಿಂದೆ ನಿಂತಿದ್ದ ವೀರೇಂದ್ರನೇ ಬಾಯಿ ಹಾಕಿದ.

"ಪೈಪ್ ಮುಚ್ಚ್ಯಾರ್ರಿ ಇವರು. ಹೊಳಿ ಕಡೆ ಬರ್ರಿ, ತೋರಸ್ತೇನಿ."

ಖರೇ ಇತ್ತು. ನದಿಯ ಕಡೆ ಪೈಪಿನ ಬಾಯಿಗೆ ಗೋಣಿಚೀಲಗಳನ್ನು ತುರುಕಿದ್ದರು. ಮೆಣಸಿನಕಾಯಿ ಚೀಲಗಳು. ಓಣಿಯ ಹೆಂಗಸರು ಬ್ಯಾಡಗಿ ಪೇಟೆಯಿಂದ ಮೆಣಸಿನಕಾಯಿ ತಂದು ಮನೆಯಲ್ಲಿ ತೊಟ್ಟು ಬಿಡಿಸಿ ಕೊಡುತ್ತಿದ್ದರು. ಊರಿಗೆಲ್ಲ ಗೊತ್ತಿದ್ದ ಮಾತು.

"ಚೀಲ ನಿಮ್ಮವೇನು?" ಭುವನಾ ಕೇಳಿದಳು.

"ನಮ್ಮವ. ನಮ್ಮ ಹಿತ್ತಲದ ತಗಡಿನ ಚಪ್ಪರದಾಗ, ಅಟ್ಟದ ಮ್ಯಾಲ ಇದ್ದೂ," ಎಂದಳು ಸಕೀನಾಬಿ. "ಇಲ್ಲಿ ನಾ ಇಟ್ಟಿಲ್ಲ. ಹೆದರಿ ಸುಳ್ಳ ಹೇಳೂ ಪೈಕಿ ಅಲ್ಲ ನಾ."

ಮುದುಕಿ ತನ್ನ ಕೊರಳಿಗೆ ತಾನೇ ಹಗ್ಗ ಬಿಗಿದುಕೊಳ್ಳುತ್ತಿದ್ದಳು. ಭುವನಾ ಬಗ್ಗಿ, ತೋಳು ಪೂರಾ ಪೈಪಿನೊಳಗೆ ಹಾಕಿ ಎಲ್ಲಕ್ಕಿಂತ ಒಳಗಿನ ಚೀಲವನ್ನು ಎಳೆದು ಕೊಡವಿದಳು.

ಕೆಂಪು ಪುಡಿ ಭರ್ರೆಂದು ಎದ್ದಿತು. ಸಿದ್ದಲಿಂಗಪ್ಪ ಸೀನಿದ. ಭುವನಾ ಸೀನಿದಳು. ಸೀನುತ್ತಲೇ ನಕ್ಕಳು.

"ಒಣಾ ಐತಿ," ಎಂದಳು. "ರಾತ್ರಿ ಮಳಿಗೆ ಮೊದಲ ಇಟ್ಟಿದ್ರ, ಪೈಪಿನ ನೀರಿಗೆ ತೊಯ್ದು ಮುದ್ದಿ ಆಗಬೇಕಿತ್ತು. ಈ ಪೈಪಿನಾಗ ನೀರ ಬಂದಿಲ್ಲ. ಇಂಗುಗುಂಡಿ ತಗಸ್ರಿ."

ವೀರೇಂದ್ರ ಸೀನಲಿಲ್ಲ. ಅವನು ಅಷ್ಟು ದೂರ ಸರಿದಿದ್ದ.

* * *

ಕಬ್ಬಿಣದ ಮುಚ್ಚಳ ಎತ್ತಿದರು. ಗುಂಡಿ ಇರಲಿಲ್ಲ. ಅಂಚಿನವರೆಗೆ ಕಾಂಕ್ರೀಟು ತುಂಬಿತ್ತು.

"ಅಯ್ಯ, ನನಗ ಗೊತ್ತ ಇಲ್ರಿ," ಎಂದ ವೀರೇಂದ್ರ. "ಅಧಿಕಾರಿಗಳು ಬಂದು ನೋಡುಮುಂದ ಗುಂಡಿ ಇತ್ತು. ಆಮ್ಯಾಲೆ ಕಂತ್ರಾಟದಾರ ಕೊಟ್ರೇಶ ಏನೋ ಮೋಸ ಮಾಡ್ಯಾನ." ಅನ್ನುತ್ತಲೇ ಫೋನು ಹಿಡಿದು ಗೇಟಿನಾಚೆ ಹೋದ. ಭುವನಾ ತಡೆಯಲಿಲ್ಲ. ಫೋನು ಕೊಟ್ರೇಶನಿಗೇ ಎಂದು ಅವಳಿಗೆ ಗೊತ್ತಿತ್ತು.

ಒಡೆಯುವ ಮಷಿನ್ನು ಬಂತು. ಮಧ್ಯಾಹ್ನವಿಡೀ ಕಾಂಕ್ರೀಟು ಒಡೆದರು. ತಳಕ್ಕೆ ಬಂದಾಗ ಭುವನಾ ಕೈಯೆತ್ತಿ ನಿಲ್ಲಿಸಿ, ತಾನೇ ಕೆಳಗಿಳಿದು ಏನನ್ನೋ ಕರವಸ್ತ್ರದಲ್ಲಿ ಕಟ್ಟಿಕೊಂಡು ಮೇಲೆ ಬಂದಳು. ಯಾರಿಗೂ ತೋರಿಸಲಿಲ್ಲ.

ಸಂಜೆಗೆ ರಾಣೆಬೆನ್ನೂರಿನಿಂದ ಕೊಟ್ರೇಶ ಬಂದ. ವೀರೇಂದ್ರ ಆಗಲೇ ಅಂಗಳಕ್ಕೆ ಮರಳಿ ಬಂದು ನಿಂತಿದ್ದ. ಮಾತು ಬಾಯಿಪಾಠ ಮಾಡಿಕೊಂಡೇ ಬಂದಿದ್ದ.

"ನನ್ನ ತಪ್ಪರಿ ಮೇಡಂ. ಕಾಂಕ್ರೀಟ್ ಉಳದಿತ್ತು, ಗುಂಡ್ಯಾಗ ಸುರದೆ. ಮಾಲಕರಿಗೆ ಏನೂ ಗೊತ್ತಿಲ್ಲ. ಅವರು ಆ ದಿನಾ ಇಲ್ಲಿಗೆ ಬಂದೂ ಇಲ್ಲ."

"ಹಂಗ?" ಭುವನಾ ಬೇಸರದಿಂದ ಎಂಬಂತೆ ಕೇಳಿದಳು. "ಪೂಜಿ ಇಲ್ಲದ, ಏನಿಲ್ಲದ, ಹಂಗ ಸುರದು ಬಿಟ್ಟಿ. ಏನ್ ಗೌಂಡಿನೋ ನೀ."

ಕೊಟ್ರೇಶನ ಮುಖ ಕೆಂಪಾಯಿತು. ತಪ್ಪು ಹೊರಲು ಸಿದ್ಧನಿದ್ದವನಿಗೆ ಈ ಮಾತು ಹೊರಲಾಗಲಿಲ್ಲ.

"ಹಂಗ ಹೆಂಗ ಸುರೀತೇವ್ರಿ? ನಮ್ಮಪ್ಪನ ಕಾಲದಿಂದ ಮನಿ ಕಟ್ಟೂ ಗೌಂಡಿ ಕೆಲಸ ಮಾಡ್ತೇವಿ. ಕಾಯಿ ಒಡದ ಹಾಕೇವಿ."

"ನೀನ ಒಡದೆ?"

"ನಾವು ಹೆಂಗ ಒಡೀಬೇಕ್ರಿ? ಮಾಲಕರ ಕೈಲೇ ಆಗಬೇಕು. ಮೊದಲ ಬುಟ್ಟಿನೂ ಅವರ ಹಾಕಬೇ…"

ಅಲ್ಲಿಗೆ ನಿಂತ. ಅಂಗಳದಲ್ಲಿದ್ದ ಅಷ್ಟೂ ಜನ ವೀರೇಂದ್ರನ ಕಡೆ ತಿರುಗಿದರು.

ಭುವನಾ ಕರವಸ್ತ್ರ ಬಿಚ್ಚಿದಳು. ಕಾಯಿಯ ಹೋಳು, ಕುಂಕುಮ ಹತ್ತಿದ ಖಣದ ತುಂಡು, ಒಂದು ಬೆಳ್ಳಿ ನಾಣ್ಯ. ನಾಣ್ಯದ ಒಂದು ಮೈಗೆ ಲಕ್ಷ್ಮಿ, ಇನ್ನೊಂದಕ್ಕೆ ವೀರೇಂದ್ರನ ಅಂಗಡಿಯ ಮುದ್ರೆ.

"ಯಾರರ ಗಿರಾಕಿ ತಗೊಂಡಿದ್ದಿರಬೇಕು," ಎಂದ ವೀರೇಂದ್ರ.

"ನೀವ ಇಟ್ರಲ್ಲ ಅಣ್ಣಾರ," ಕೊಟ್ರೇಶ ಸಣ್ಣ ದನಿಯಲ್ಲಿ ಅಂದ. "ಚೊಲೋ ಆಗ್ಲಿ ಅಂತ ಕೈಯೂ ಮುಗದ್ರಿ."

* * *

"ಕಾರು ನಿಲ್ಲಸಾಕ ಇವರಿಗೆ ಓಣಿ ಜಾಗಾ ಬೇಕಾಗಿತ್ತು," ಕೊಟ್ರೇಶನಿಂದ ಉಳಿದದ್ದನ್ನೂ ಕೇಳಿಕೊಂಡ ಮೇಲೆ ಭುವನಾ ಓಣಿಯವರಿಗೆ ಬಿಡಿಸಿ ಹೇಳಿದಳು. "ಕೇಳಿದ್ರು. ನೀವು ಕೊಡಲಿಲ್ಲ. ಅಧಿಕಾರಿಗಳು ಗುಂಡಿ ನೋಡಿ ಹೋದಮ್ಯಾಲೆ ಅದನ್ನ ತುಂಬಿಸಿದ್ರು. ಅಂಗಳದ ಇಳಿಜಾರು ನಿಮ್ಮ ಕಡೇನ ಐತಿ. ಮಳಿ ಆದಾಗೊಮ್ಮೆ ಗ್ವಾಡಿ ಬುಡದ ಸಂದ್ಯಾಗಿಂದ ಮನ್ಯಾಗ ನೀರು ಬರಬೇಕು, ಬ್ಯಾಸತ್ತು ನೀವ ಮಾರಿ ಹೋಗಬೇಕು. ಇದ ಲೆಕ್ಕಾಚಾರ. ನಿನ್ನಿ ಮಳಿ ದೊಡ್ಡದು ಬಂತು. ಸಂದಿ ಸಾಲಲಿಲ್ಲ, ನೀರಿನ ಭಾರಕ್ಕ ಗ್ವಾಡಿನ ಬಿತ್ತು."

"ಮತ್ತ ಚೀಲ?" ಸಿದ್ದಲಿಂಗಪ್ಪ ಕೇಳಿದ.

"ರಾತ್ರಿ ಮಳ್ಯಾಗ ಒಯ್ದಿದ್ರ ತೊಯ್ತಿದ್ದೂ. ಮುಂಜಾನಿ ಓಣಿಯವರೆಲ್ಲಾ ಹೆಣದ ಮುಂದ ಅಳಾಕತ್ತಿದ್ರಲ್ಲ, ಆವಾಗ ವೀರೇಂದ್ರನ ಮಂದಿ ಹಿತ್ತಲದಿಂದ ಒಯ್ದು ತುರಕ್ಯಾರ."

ಸಕೀನಾಬಿಗೆ ಸಿಟ್ಟು ಬಂತು. ತನ್ನ ಮೇಲೆ ಹೊರಿಸಿದ್ದಕ್ಕಲ್ಲ. ಫಕ್ಕೀರಪ್ಪನ ಹೆಣ ಎತ್ತುವ ಮೊದಲೇ ಈ ಕೆಲಸಕ್ಕೆ ಕೈ ಹಾಕಿದ್ದಕ್ಕೆ.

ಸಾಹೇಬರ ಫೋನು ಮತ್ತೆ ಬಂತು.

"ಕೇಸು ಹಾಕಾಕತ್ತೇನ್ರಿ ಸರ್," ಎಂದಳು ಭುವನಾ. "ಹೆಸರು ಅಷ್ಟ ಬ್ಯಾರೆ." ಆ ಕಡೆಯ ಗದರಿಕೆ ಪೂರ್ತಿಯಾಗುವ ಮೊದಲೇ ಫೋನನ್ನು ಜೇಬಿಗಿಳಿಸಿದಳು. ವರ್ಗ ಮಾಡುವುದಾದರೆ ಮಾಡಿಕೊಳ್ಳಲಿ.

ಜೀಪು ಹತ್ತುವ ಮುನ್ನ ವೀರೇಂದ್ರ ಸಕೀನಾಬಿಯ ಮುಂದೆ ನಿಂತ. ದನಿ ಮೆತ್ತಗಾಗಿತ್ತು.

"ಎಲ್ಲಾರಿಗೂ ಗುತ್ತಲ ರೋಡಿಗೆ ಚೊಲೋ ಜಾಗಾ ಕೊಡಸ್ತೇನಿ. ದಿಬ್ಬದ ಮ್ಯಾಲ ಐತಿ, ಒಂದ ಹನಿ ನೀರು ಬರಂಗಿಲ್ಲ. ನೀವು ಒಪ್ಪಿ ಹೋದ್ರ ಎಲ್ಲಾ ಇಲ್ಲಿಗೇ ಮುಗೀತೈತಿ."

ಓಣಿಯವರು ಸಕೀನಾಬಿಯನ್ನು ನೋಡಿದರು. ಅವಳು ಬಾಗಿಲ ಕಟ್ಟೆಯ ಕೆಸರನ್ನು ಕಾಲಿನಿಂದ ಬಳಿದು, ಅಲ್ಲೇ ಕುಳಿತಳು.

"ನಾವು ಎಲ್ಲಿಗೂ ಹೋಗಂಗಿಲ್ಲಪಾ," ಎಂದಳು. "ಹೋಗಬೇಕಾಗಿದ್ದು ನೀರು. ಅದಕ್ಕ ದಾರಿ ಮಾಡು."