ಜೀನು ಹೊತ್ತ ಬೆನ್ನು

"ಮಾರೋದಾದ್ರೆ ಗೂಟದ ಮೇಲಿಂದಾನೇ ಮಾರಿ, ಅಳಿಯಂದ್ರೇ. ಕೊಳ್ಳೋಕೆ ಬಂದೋರು ತಾವೇ ಇಳಿಸ್ಕೊಂಡು ಹೋಗ್ಲಿ. ಅದನ್ನ ಯಾವ ಬೆನ್ನಿಗೂ ಹಾಕಿ ತೋರಿಸ್ಬೇಡಿ."

ದೊಡ್ಡತ್ತೆ ಇದನ್ನು ಬಾಗಿಲ ಹೊರಗೆ ನಿಂತೇ ಹೇಳಿದಳು. ತೀರಿಹೋದ ತಮ್ಮನ ಲಾಯದ ಈ ಕೋಣೆಗೆ ಅವಳು ಕಾಲಿಟ್ಟು ವರ್ಷಗಳಾಗಿದ್ದವು.

ಅಳಿಯ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ನಕ್ಕ. "ಕುದುರೆಗಳೆಲ್ಲ ಹೋದ್ವಲ್ಲ ದೊಡ್ಡತ್ತೆ. ಈ ಮನೇಲಿ ಉಳಿದಿರೋದು ಮೂರೇ ಬೆನ್ನು. ನಿಮ್ಮದಕ್ಕೆ ವಯಸ್ಸಾಯ್ತು, ಇವಳದ್ದು ತೆಳು. ಯಾರಿಗೆ ಹಾಕ್ಲಿ?"

"ನಗಬೇಡಿ. ಅದಕ್ಕೆ ಮಾಟ ಆಗಿದೆ."

"ಮಾಟ ಅಲ್ಲ, ಬೂಷ್ಟು. ಸೋಪು ಹಾಕಿ ತಿಕ್ಕಿದ್ರೆ ಎರಡೂ ಹೋಗ್ತವೆ."

ಪಕ್ಕದಲ್ಲಿದ್ದ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಗುವಿಗೋ ವಾಸನೆಗೋ ತಿಳಿಯಲಿಲ್ಲ. ಕಿಟಕಿಯಿಲ್ಲದ ಕೋಣೆ. ಹಳೆಯ ಬೆವರು, ಹುಳಿತ ಹುಲ್ಲು, ಇಲಿಯ ಉಚ್ಚೆ. ಇವೆಲ್ಲದರ ಅಡಿಯಲ್ಲಿ ಇನ್ನೊಂದು ವಾಸನೆ, ಗಾಯಕ್ಕೆ ಕಟ್ಟಿದ ಬಟ್ಟೆಯನ್ನು ತಡವಾಗಿ ಬಿಚ್ಚಿದಾಗ ಬರುವಂಥದ್ದು, ಸಿಹಿಯಾಗಿ ಕೊಳೆತದ್ದು. ಆ ವಾಸನೆಯ ನಡುವೆ ಜೀನು ಗೂಟಕ್ಕೆ ನೇತುಬಿದ್ದಿತ್ತು. ಮಾವ ಕುದುರೆ ಪಳಗಿಸಿ ಮಾರುತ್ತಿದ್ದವನು. ಅವನು ಸತ್ತ ಮೇಲೆ ಲಾಯದ್ದೆಲ್ಲ ಮಾರಿಹೋಗಿ ಉಳಿದದ್ದು ಇದೊಂದೇ.

ಅಳಿಯನಿಗೆ ಈ ಕೋಣೆ ಬೇಕಾಗಿತ್ತು. ಅವನು ಅಂಗಡಿ ಅಂಗಡಿ ತಿರುಗಿ ಸುವಾಸನೆಯ ಸೋಪು ಮಾರುವವನು. ಸೋಪಿನ ಪೆಟ್ಟಿಗೆಗಳನ್ನು ಪೇರಿಸಿಡಲು ಜಾಗ ಹುಡುಕುತ್ತಿದ್ದ. ಲೋಕವನ್ನೆಲ್ಲ ತನ್ನ ಮೂಗಿನ ನೇರಕ್ಕೇ ನೋಡುವ ಮನುಷ್ಯ. ಇನ್ನೊಬ್ಬರು ಕುಡಿದಿಟ್ಟ ಲೋಟವನ್ನು ಎರಡೇ ಬೆರಳಲ್ಲಿ ಎತ್ತಿ ದೂರ ಇಡುತ್ತಿದ್ದ. ಹೆಂಡತಿಯಾದರೋ ಲಾಯದಲ್ಲೇ ಬೆಳೆದವಳು. ಲದ್ದಿಯನ್ನು ಬರಿಗೈಯಲ್ಲಿ ಬಾಚುತ್ತಿದ್ದವಳು, ಹೆರಲಾರದ ಕುದುರೆಯೊಳಗೆ ಮೊಣಕೈವರೆಗೆ ತೋಳು ತೂರಿಸಿ ಮರಿ ಎಳೆದವಳು. ಮದುವೆಯಾದ ಹೊಸದರಲ್ಲಿ ಅವನು ಅವಳ ಅಂಗೈ ಮೂಸಿ ಮೂಗು ಮುರಿದಿದ್ದ. ಒಂದು ಗುಲಾಬಿ ಸೋಪು ತಂದು ಆ ಅಂಗೈಯಲ್ಲಿಟ್ಟಿದ್ದ. ಅವಳು ತೊಳೆದಳು. ಮತ್ತೆ ತೊಳೆದಳು. ಈಗ ಲಾಯದ ಕಡೆಯಿಂದ ಗಾಳಿ ಬೀಸಿದರೂ ಅವಳಿಗೆ ವಾಕರಿಕೆ. ತನ್ನ ಜೀವಮಾನದ ದೊಡ್ಡ ವ್ಯಾಪಾರ ಇದೇ ಎಂದು ಅವನು ಸ್ನೇಹಿತರೆದುರು ಹೇಳಿಕೊಳ್ಳುತ್ತಿದ್ದ.

ಹೇಳಿಕೊಳ್ಳದ ಸಂಗತಿಯೂ ಒಂದಿತ್ತು. ಮಲಗಿದಾಗ ಅವಳು ಆ ಅಂಗೈಯನ್ನು ಅವನ ಬೆನ್ನ ಮೇಲಿಡುತ್ತಿದ್ದಳು. ಅದಿಲ್ಲದೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಬಳಸಿದ ಜೀನನ್ನು ಮಾರುವ ದಾರಿ ಹುಡುಕುತ್ತ ಅವನು ಮೊದಲು ಹೋದದ್ದು ಜೀನಿನ ಅಂಗಡಿಗೆ. ಅಂಗಡಿಯವನು ಅದನ್ನು ಬೋರಲು ಹಾಕಿ ಕೆಳಗಿನ ಮೆತ್ತೆ ಒತ್ತಿನೋಡಿದ. "ಇಟ್ಟು ಹೋಗಿ, ಗಿರಾಕಿ ಬಂದಾಗ ನೋಡೋಣ" ಎಂದ. ಆಮೇಲೆ ಬೆರಳು ಮೂಸಿದ. ಪ್ಯಾಂಟಿಗೆ ಒರೆಸಿಕೊಂಡು, "ಬೇಡ, ತಗೊಂಡ್ಹೋಗಿ ಸಾರ್" ಎಂದ. ಹರಾಜಿಗೆ ಹಾಕಬಹುದಿತ್ತು, ಆದರೆ ಅಲ್ಲಿ ಹಳೆಯ ಜೀನೆಂದರೆ ಹಗ್ಗ, ಬಕೆಟ್ಟುಗಳ ರಾಶಿಗೆ ಸೇರುವ ಸಾಮಾನು. ಫೋನಿನಲ್ಲಿ ಫೋಟೊ ಹಾಕಿ ನೇರವಾಗಿ ಸವಾರರಿಗೇ ಮಾರುವುದು ಎಲ್ಲಕ್ಕಿಂತ ಲೇಸು ಎನ್ನಿಸಿತು. ಅದಕ್ಕೆ ಮೊದಲು ತೊಳೆಯಬೇಕು.

ಅಂಗಳದ ನಲ್ಲಿಯ ಕೆಳಗೆ ಗುಲಾಬಿ ಸೋಪು ಹಿಡಿದು ಕೂತ. ಮೊದಲು ಕಂದು ನೊರೆ ಬಂತು. ಆಮೇಲೆ ಕಪ್ಪು. ಆಮೇಲೆ ನೊರೆಯೊಂದಿಗೆ ಕೂದಲು, ಗಿಡ್ಡ, ಕೆಂಚು, ಬುಡದಲ್ಲಿ ಬಿಳಿ ಕೊಬ್ಬು ಅಂಟಿಕೊಂಡದ್ದು. ಮೆತ್ತೆಯ ನಡುವೆ ಅಂಗೈಯಗಲದ ಒಂದು ಗಂಟು ಕೈಗೆ ಸಿಕ್ಕಿತು. ಅಲ್ಲಿನ ಹೊಲಿಗೆಯೇ ಬೇರೆ, ಒರಟು, ಕೆಂಪು ದಾರದ್ದು. ಒತ್ತಿದ. ಹೊಲಿಗೆಯ ತೂತುಗಳಿಂದ ಹಳದಿ ನೀರು ಜಿನುಗಿ ಅವನ ಉಗುರುಗಳ ಸಂದಿಗೆ ಹರಿಯಿತು. ಮುಖ ಆಚೆ ತಿರುಗಿಸಿದ. ಉಳಿದ ಸೋಪನ್ನೆಲ್ಲ ಅಲ್ಲಿಗೇ ತಿಕ್ಕಿದ. ಸಂಜೆಗೆ ಜೀನು ಗುಲಾಬಿ ತೋಟದ ಹಾಗೆ ಘಮ್ಮೆನ್ನುತ್ತಿತ್ತು.

ಗೂಟದ ಮೇಲಿಟ್ಟು ತೆಗೆದ ಫೋಟೊ ನೋಡಿದವರೆಲ್ಲ ಕೇಳಿದ್ದು ಒಂದೇ. ಬೆನ್ನ ಮೇಲೆ ಹೇಗೆ ಕೂರುತ್ತೆ? ಹಾಕಿ ತೋರಿಸಿ.

"ಸರಿಯಾಗೇ ಕೇಳ್ತಿದಾರೆ," ಎಂದ ಅಳಿಯ. "ಹ್ಯಾಂಗರಲ್ಲಿರೋ ಅಂಗೀನ ಯಾರು ಕೊಳ್ತಾರೆ?"

ಜೀನು ಹೊತ್ತುಕೊಂಡು ಪಕ್ಕದ ಬೀದಿಯ ಸವಾರಿ ಶಾಲೆಗೆ ಹೋದ. ಅಲ್ಲೊಂದು ಮುದಿ ಕುದುರೆ ನಿಂತಲ್ಲೇ ತೂಕಡಿಸುತ್ತಿತ್ತು. ಜೀನು ಹತ್ತಿರ ಬಂದದ್ದೇ ತಡ, ಅದರ ಮೈಚರ್ಮ ನೊಣ ಮುತ್ತಿದಂತೆ ಅದುರಿತು. ಕಿವಿಗಳು ತಲೆಗಂಟಿದವು. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಹೊಯ್ಯುತ್ತಲೇ ಹಿಂದೆ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡಿತು.

"ನಿಮ್ಮ ಸೋಪು ಅದಕ್ಕೆ ಹಿಡಿಸ್ಲಿಲ್ಲ ಅಂತ ಕಾಣುತ್ತೆ," ಎಂದ ಸವಾರಿ ಮೇಷ್ಟ್ರು. ನಗಲಿಲ್ಲ.

ಅಳಿಯ ಮನೆಗೆ ಬಂದವನೇ ಅಂಗಿ ಬಿಚ್ಚಿ ಅಂಗಳದ ನೆರಳಿನಲ್ಲಿ ನಾಲ್ಕು ಕಾಲಿನ ಮೇಲೆ ನಿಂತ. "ಹಾಕೇ. ನಾನೇ ಕುದುರೆ."

"ಥೂ, ಏಳ್ರೀ. ದೊಡ್ಡತ್ತೆ ಬೇಡ ಅಂದಿದಾರೆ."

"ದೊಡ್ಡತ್ತೆ ಸೋಪೂ ಬೇಡ ಅಂತಾರೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಜೀನನ್ನೆತ್ತಿ ಅವನ ಬೆನ್ನಿಗಿಟ್ಟಳು. ಮರೆತ ಕೆಲಸವನ್ನು ಕೈಗಳು ತಾವೇ ನೆನಪಿಸಿಕೊಂಡವು. ಜೀನಿನ ಪಟ್ಟಿಯನ್ನು ಹೊಟ್ಟೆಯಡಿಯಿಂದ ಎಳೆದು, ಪಕ್ಕೆಗೆ ಮೊಣಕಾಲು ಕೊಟ್ಟಳು. "ಉಸಿರು ಹಿಡೀಬೇಡ, ಕಳ್ಳ. ಬಿಡು." ಪಟ್ಟಿ ಬಿಗಿಯುವಾಗ ಕುದುರೆಗಳು ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ, ಅವುಗಳಿಗೆ ಹೇಳುವ ಮಾತು. ಅವನು ಉಸಿರು ಬಿಟ್ಟ. ಬಕಲ್ಲು ಕಟಕ್ಕೆಂದಿತು. ಅವನು ಹೇಷಾರವ ಮಾಡಿದ, ಅವಳು ಕಣ್ಣೀರು ಬರುವಷ್ಟು ನಕ್ಕು ಫೋಟೊ ತೆಗೆದಳು. ಜೀನು ಬೆಚ್ಚಗಿತ್ತು. ಬಿಸಿಲಿಗೆ ಕಾದಿರಬೇಕು ಅಂದುಕೊಂಡ. ಅವರಿದ್ದದ್ದು ನೆರಳಿನಲ್ಲಿ.

ಫೋಟೊದ ಕೆಳಗೆ ಅವನೇ ಬರೆದ: 'ಬಳಸಿದ ಜೀನು. ಕುದುರೆ ಮಾರಾಟಕ್ಕಿಲ್ಲ.'

ಫೋಟೊ ಒಬ್ಬರಿಂದೊಬ್ಬರಿಗೆ ಹರಿದಾಡಿತು. ಸವಾರರು ನಕ್ಕು ಸುಸ್ತಾದರು. ಫೋನುಗಳು ಬಂದವು. ಸೋಪಿನವನ ತಲೆಯೇ ತಲೆ ಎಂದು ಅವನು ತನ್ನ ಬೆನ್ನು ತಾನೇ ತಟ್ಟಿಕೊಂಡ. ತಟ್ಟಿಕೊಂಡಾಗ ಕೈಗೆ ಒದ್ದೆ ಹತ್ತಿತು.

ಜೀನು ನೋಡಲು ಮೊದಲು ಬಂದವಳು ಎತ್ತರದ ಬೂಟು ತೊಟ್ಟ ಒಬ್ಬ ಸವಾರಳು. ತೊಗಲು ಸವರಿದಳು, ಕಾಲಿಡುವ ರಿಕಾಪು ಜಗ್ಗಿ ನೋಡಿದಳು. ಮುಖ ಹಿಂಡಿದಳು. "ಜೀನು ಚೆನ್ನಾಗಿದೆ. ಆದ್ರೆ ಏನೋ ಸತ್ತ ವಾಸನೆ."

"ಛೆ, ಮೂಸಿ ನೋಡಿ."

ಬಗ್ಗಿ ಮೂಸಿದಳು. "ಇದು ಗುಲಾಬಿ." ತಲೆಯೆತ್ತಿದಳು. ಅವಳ ಮೂಗು ಗಾಳಿಯಲ್ಲಿ ಹುಡುಕುತ್ತ ಬಂದು ಅವನ ಮೇಲೆ ನಿಂತಿತು. "ನೀವು ಹುಷಾರಾಗಿದೀರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಗೇಟು ದಾಟಿದಳು.

ಆಮೇಲೆ ಬಂದವರೂ ಹಾಗೆಯೇ ಹೋದರು.

ಡಾಕ್ಟರು ಕಿಟಕಿ ತೆರೆಸಿ ಬೆನ್ನು ನೋಡಿದರು. ಬೆನ್ನುಮೂಳೆಯ ಎರಡೂ ಬದಿಗೆ ಅಂಗೈಯಗಲದ ಹುಣ್ಣುಗಳು, ನಡುವೆ ಕೀವಿನ ಹೊಂಡ. "ಎಂಥ ಭಾರ ಹೊರ್ತೀರಿ ನೀವು?" ಎಂದು ಕೇಳಿದರು. ಮುಲಾಮು ಕೊಟ್ಟರು. ಮುಲಾಮಿನ ಅಡಿಯಲ್ಲೇ ಹುಣ್ಣು ಬೆಳೆಯಿತು. ಅದರ ಅಂಚಿನಲ್ಲಿ ಕೂದಲು ಹುಟ್ಟಿತು. ಗಿಡ್ಡ, ಕೆಂಚು. ಅವನು ಚಿಮುಟದಿಂದ ಕಿತ್ತರೆ ಬುಡದಲ್ಲಿ ಬಿಳಿ ಕೊಬ್ಬು ಬರುತ್ತಿತ್ತು. ದಿನವಿಡೀ ಸ್ನಾನದ ಮನೆಯಲ್ಲಿ ಸೋಪು ತಿಕ್ಕಿದ. ಗುಲಾಬಿಯೂ ಕೀವೂ ಬೆರೆತು ಹುಟ್ಟಿದ ವಾಸನೆಗೆ ಅವನೇ ಕಕ್ಕಿಕೊಂಡ. ಅಂಗಿಯ ಬೆನ್ನಿಗೆ ನೊಣಗಳು ಕಪ್ಪಗೆ ಮುತ್ತಿ ಅವನೊಂದಿಗೇ ಕೋಣೆಯಿಂದ ಕೋಣೆಗೆ ಓಡಾಡಿದವು. ಹೆಂಡತಿ ಮೊದಲು ಮಗ್ಗುಲು ಬದಲಿಸಿ ಮಲಗಿದಳು. ಆಮೇಲೆ ನಡುವೆ ದಿಂಬು ಬಂತು. ಆಮೇಲೆ ಅವಳ ಹಾಸಿಗೆ ದೊಡ್ಡತ್ತೆಯ ಕೋಣೆಗೆ ಹೋಯಿತು.

"ಬೇಜಾರು ಮಾಡ್ಕೋಬೇಡಿ ರೀ," ಎಂದಳು ಬಾಗಿಲಲ್ಲಿ ನಿಂತು. "ಮನಸ್ಸು ನಿಮ್ಮ ಕಡೇನೇ ಇದೆ. ಹೊಟ್ಟೆ ಕೇಳಲ್ಲ."

ನೋವು ತಾಳಲಾರದ ಒಂದು ಮಧ್ಯಾಹ್ನ ಅವನು ಲಾಯದ ಕೋಣೆಗೆ ಹೋದ. ಯಾಕೆ ಹೋದೆನೆಂದು ಅವನಿಗೇ ಗೊತ್ತಿರಲಿಲ್ಲ. ಗೂಟದಿಂದ ಜೀನಿಳಿಸಿ ಬೆನ್ನ ಮೇಲೆ ಎಳೆದುಕೊಂಡ. ನೋವು ನಿಂತಿತು. ಕೀವಿನ ಹೊಂಡದಲ್ಲಿ ಮೆತ್ತೆಯ ಗಂಟು ಕಲ್ಲಿಗೆ ಕಲ್ಲು ಕೂತಂತೆ ಕೂತಿತು. ಸುಖಕ್ಕೆ ಕಣ್ಣು ಮುಚ್ಚಿದ. ಹೊಟ್ಟೆಯಡಿ ಪಟ್ಟಿ ತಾನಾಗಿ ಹರಿದಾಡಿತು.

ಕಟಕ್.

ಕೈ ಹಾಕಿದ. ಬಕಲ್ಲು ಜಗ್ಗಲಿಲ್ಲ. ಎಳೆದ. ಚರ್ಮ ಎದ್ದು ಬಂತು, ಜೀನು ಬರಲಿಲ್ಲ. ಕೂಗಿದ.

ದೊಡ್ಡತ್ತೆ ಆವತ್ತು ಹೊಸ್ತಿಲು ದಾಟಿ ಒಳಗೆ ಬಂದಳು. ನೋಡಿದಳು. ಅಳಿಯಂದ್ರೇ ಅನ್ನಲಿಲ್ಲ. "ಹೇಳಿದ್ನಲ್ಲೋ ಮಗನೇ. ಹೇಳಿದ್ನಲ್ಲ."

ಅವಳು ಹೇಳಿದ್ದು ಇಷ್ಟು. ಮಾವನ ಬಳಿ ಒಂದು ಕೆಂಚು ಹೆಣ್ಣುಕುದುರೆ ಇತ್ತು. ಬೆನ್ನು ಹುಣ್ಣಾಗಿ ನಾರುತ್ತಿತ್ತು. ಲಾಯದ ಕೆಲಸದವಳೊಬ್ಬಳೇ ಅದನ್ನು ಮುಟ್ಟಿ ತೊಳೆಯುತ್ತಿದ್ದಳು. ಕೊಳ್ಳುವವರು ಬರುವ ದಿನ ಹುಣ್ಣು ಕಾಣದಿರಲೆಂದು ಮಾವ ಅದರ ಮೇಲೆಯೇ ಈ ಜೀನು ಬಿಗಿದ. ಕೆಲಸದವಳು ಕಾಲು ಹಿಡಿದಳು. ಅವನು ಮೂಗು ಮುಚ್ಚಿಕೊಂಡು ಅವಳನ್ನು ಒದ್ದ. ಸವಾರಿ ಮುಗಿಯುವಷ್ಟರಲ್ಲಿ ಕುದುರೆ ಸತ್ತಿತ್ತು.

"ಅವಳು ಅದರ ಹುಣ್ಣಿನ ಚರ್ಮಾನೇ ಕೊಯ್ದು ಮೆತ್ತೆಯೊಳಗಿಟ್ಟು ಹೊಲಿದ್ಲು. ಹೊಲೀತಾ ಏನೋ ಹೇಳ್ಕೋತಿದ್ಲು. ಕೊನೇಲಿ ಜೋರಾಗಿ ಹೇಳಿದ್ದು ನಂಗೂ ಕೇಳಿಸ್ತು. ಇದನ್ನ ಹೊತ್ತ ಬೆನ್ನು ಕೊಳೀಲಿ. ಕೊಳೆತ ಬೆನ್ನಿಗೆ ಹತ್ತಿದ್ದು, ಹೇಸಿಗೆ ಪಡದ ಕೈ ಮುಟ್ಟೋವರೆಗೂ ಇಳೀದೇ ಇರ್ಲಿ. ಯಾವ ಕೈ ಹಾಗೆ ಮುಟ್ಟುತ್ತೋ, ಆ ಕೈಗೇ ಆ ಬೆನ್ನು ಸೇರ್ಲಿ."

ಅವನ ಎದೆ ಹಗುರಾಯಿತು. ಹೆಂಡತಿಯ ಕೈ ಇತ್ತಲ್ಲ. ಆ ಕೈಗೆ ಸೇರಿದವನೇ ಅಲ್ಲವೇ ಅವನು. ಲದ್ದಿ ಬಾಚಿದ ಕೈ, ರಕ್ತದಲ್ಲಿ ಮುಳುಗಿ ಮರಿ ಎಳೆದ ಕೈ. "ಬಾರೇ. ಒಂದ್ಸಲ ಮುಟ್ಟು. ಅಷ್ಟೇ."

ಬಂದಳು. ಅಳುತ್ತಿದ್ದಳು. ತುಟಿ ಕಚ್ಚಿ ಕೈ ಚಾಚಿದಳು. ಬೆರಳುಗಳಿಂದ ಗುಲಾಬಿಯ ವಾಸನೆ ಬಂತು. ಹತ್ತಿರ. ಇನ್ನೂ ಹತ್ತಿರ. ಬೆರಳ ತುದಿ ಕೀವಿಗೆ ತಾಗಿತು. ಅವಳ ಗಂಟಲಲ್ಲಿ ಒಂದು ಸದ್ದಾಯಿತು. ಚಿಕ್ಕದು. ಅವಳು ಅದುಮಿಕೊಂಡಳು. ಅವನಿಗೆ ಕೇಳಿಸಿತು. ಜೀನಿಗೂ ಕೇಳಿಸಿತು.

ಪಟ್ಟಿ ಇನ್ನೊಂದು ತೂತು ಬಿಗಿಯಿತು.

ಅವಳು ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಹೊರಗೋಡಿದಳು. ನಲ್ಲಿ ತಿರುಗಿಸಿದ ಸದ್ದು ಬಂತು.

ಅವನು ಕೂಗಲು ಬಾಯಿ ತೆರೆದ. ಬಂದದ್ದು ಮಾತಲ್ಲ. ಕೈಗಳು ನೆಲಕ್ಕಿಳಿದವು. ಉಗುರುಗಳು ಒಂದಕ್ಕೊಂದು ಅಂಟಿ ಗೊರಸಿನಂತೆ ದಪ್ಪಗಾದವು. ನಾಲಗೆ ಹಿಗ್ಗಿ ಹಲ್ಲುಗಳ ನಡುವೆ ಹಿಡಿಸದಾಯಿತು. ನೊಣ. ಬಿಸಿ. ಬಾಯಿಂದ ಇಳಿಯುವ ಜೊಲ್ಲು. ಹುಳಿತ ಹುಲ್ಲಿನ ವಾಸನೆ. ಆ ವಾಸನೆಗೆ ಹಸಿವಾಯಿತು.

ಬಾಗಿಲಲ್ಲಿ ಯಾರೋ ನಿಂತಿದ್ದರು. ಒಬ್ಬ ಮುದುಕ. ಒಡೆದ ಕೈಗಳು, ಮೈಯೆಲ್ಲ ಲದ್ದಿಯ ವಾಸನೆ, ಹೆಗಲ ಮೇಲೆ ಹಗ್ಗ.

"ಫೋಟೊ ನೋಡಿದ್ದೆ," ಎಂದ ದೊಡ್ಡತ್ತೆಗೆ. ಒಳಗೆ ಬಂದ. ಮೂಗು ಮುಚ್ಚಲಿಲ್ಲ. ಮುಖ ಹಿಂಡಲಿಲ್ಲ. ನೊಣಗಳನ್ನೋಡಿಸಿ ಇಡೀ ಅಂಗೈಯನ್ನು ಹುಣ್ಣಿನ ಮೇಲಿಟ್ಟ. ಒತ್ತಿದ. ಬೆರಳು ಕೀವಿನಲ್ಲಿ ಇಳಿಯಿತು. "ಪಾಪ, ಯಾರೂ ತೊಳ್ದಿಲ್ವೇನೋ ನಿನ್ನ."

ಬಕಲ್ಲು ಕಳಚಿತು. ಜೀನು ಜಾರಿ ನೆಲಕ್ಕೆ ಬಿತ್ತು. ಗಾಳಿ ತಾಗಿತು. ಆ ಕೈ ಬೆನ್ನುದ್ದಕ್ಕೂ ಸವರಿತು. ಎಷ್ಟೋ ದಿನಗಳಿಂದ ಬಾರದ ನಿದ್ದೆಯೆಲ್ಲ ಒಟ್ಟಿಗೆ ಬಂದಂತಾಯಿತು. ಅವನ ಕತ್ತು ತಾನಾಗಿ ಬಾಗಿತು. ಮುದುಕ ಹಗ್ಗ ಹಾಕಿದ.

"ಜೀನು?" ಎಂದಳು ದೊಡ್ಡತ್ತೆ.

"ಅದು ಹಳೇದು. ಬೇಡ."

ಮುದುಕ ಜೀನನ್ನೆತ್ತಿ ಗೂಟಕ್ಕೆ ಹಾಕಿ ನಡೆದ. ಹಗ್ಗ ಜಗ್ಗುವ ಮೊದಲೇ ಅವನು ಹಿಂಬಾಲಿಸಿದ. ಅಂಗಳದಲ್ಲಿ ನಲ್ಲಿ ಇನ್ನೂ ಹರಿಯುತ್ತಿತ್ತು. ಹೆಂಡತಿ ಕುಕ್ಕರಗಾಲಿನಲ್ಲಿ ಕೂತು, ತಲೆಯೆತ್ತದೆ, ಕೈ ತೊಳೆಯುತ್ತಿದ್ದಳು. ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ಗಾಳಿ ಈ ಕಡೆ ಬೀಸಿತು. ಗುಲಾಬಿ.

ಅವನ ಮೇಲ್ದುಟಿ ಸುರುಟಿ ಮೇಲೇರಿತು. ಎಂಥ ಹೊಲಸು ವಾಸನೆ. ತಲೆ ಕೊಡವಿ, ಮೂಗಿನಿಂದ ಜೋರಾಗಿ ಉಸಿರು ಹೊರಹಾಕಿ, ಅವನು ಲದ್ದಿಯ ವಾಸನೆಯ ಆ ಕೈಗೆ ಮುಖ ಒತ್ತಿಕೊಂಡ.